ಕೆಲಸ ಹೋದ ಮೇಲೆ: ಸಿಕ್ಕಿದ್ದಕ್ಕೆ ಸೇರುವುದೋ, ಕಾಯುವುದೋ, ಹೊಸದು ಕಲಿಯುವುದೋ?

ಮೊದಲು ಹಣದ ಲೆಕ್ಕ. ಕೈಯಲ್ಲಿರುವ ಉಳಿತಾಯವನ್ನು ಬಾಡಿಗೆ, ಸಾಲದ ಕಂತು, ಊಟ, ಔಷಧಿಯಂತಹ ತಿಂಗಳ ಅನಿವಾರ್ಯ ಖರ್ಚಿನಿಂದ ಭಾಗಿಸಿ. ಬರುವ ಸಂಖ್ಯೆಯೇ ನಿಮಗಿರುವ ತಿಂಗಳುಗಳು. ಅದು 2ಕ್ಕಿಂತ ಕಡಿಮೆಯಿದ್ದರೆ ಸಿಕ್ಕ ಕೆಲಸಕ್ಕೆ ಸೇರುವುದೇ ಸರಿ. ಅದರಲ್ಲಿ ಅವಮಾನವೇನೂ ಇಲ್ಲ. 6 ದಾಟಿದರೆ ಅನುಭವಕ್ಕೆ ತಕ್ಕ ಹುದ್ದೆಗಾಗಿ ಕಾಯಬಹುದು. ಕಲಿಯಲು ಹೊರಟರೆ ಶುಲ್ಕದ ಜೊತೆಗೆ, ಕಲಿತ ಮೇಲೆ ಕೆಲಸ ಹುಡುಕುವ ತಿಂಗಳುಗಳನ್ನೂ ಸೇರಿಸಿಕೊಳ್ಳಿ. ಇದನ್ನು ಹಲವರು ಮರೆಯುತ್ತಾರೆ.

ಸಮಯದ ವಿಷಯದಲ್ಲಿ ಸಿಕ್ಕ ಕೆಲಸವೇ ದುಬಾರಿ. ದಿನವಿಡೀ ದುಡಿದು ಬಂದವರಿಗೆ ರಾತ್ರಿ ಅರ್ಜಿ ಬರೆಯುವ ತ್ರಾಣ ಉಳಿದಿರುವುದಿಲ್ಲ, ಹಗಲಿನ ಸಂದರ್ಶನಕ್ಕೆ ರಜೆ ಕೇಳಬೇಕಾಗುತ್ತದೆ. ಪಾಳಿಯ ಅಥವಾ ಅರೆಕಾಲಿಕ ಕೆಲಸವಾದರೆ ಈ ತೊಡಕು ಕಡಿಮೆ. ಕಾಯುವವರಿಗೆ ಸಮಯ ಧಾರಾಳ. ಆದರೆ ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಲು ಹಿಂಜರಿದರೆ ಅದೂ ವ್ಯರ್ಥ. ಎಷ್ಟೋ ಹುದ್ದೆಗಳು ಜಾಹೀರಾತಿಗೆ ಬರುವ ಮೊದಲೇ ಪರಿಚಯದವರ ಮೂಲಕ ಭರ್ತಿಯಾಗಿಬಿಡುತ್ತವೆ.

ಮನಸ್ಸಿನ ಮಾತೂ ಇದೆ. ಉತ್ತರವೇ ಬಾರದ ಅರ್ಜಿಗಳು ಕಾಯುವವರನ್ನು ಹೆಚ್ಚು ಕುಗ್ಗಿಸುತ್ತವೆ. ಬೆಳಗ್ಗೆ ಏಳಲು ಕಾರಣವೇ ಸಿಗುತ್ತಿಲ್ಲ ಎನ್ನುವವರಿಗೆ ಸಣ್ಣ ಕೆಲಸವೋ ತರಗತಿಯೋ ದಿನಚರಿಯನ್ನು ಮರಳಿ ಕೊಡುತ್ತದೆ.

ಕಲಿಕೆಯ ದಾರಿ ಯಾರಿಗೆ? ಮುಗ್ಗರಿಸಿದ್ದು ನಿಮ್ಮ ಕಂಪನಿ ಮಾತ್ರವಾಗಿದ್ದರೆ ಅದರ ಅಗತ್ಯ ಅಷ್ಟಾಗಿ ಇಲ್ಲ. ಇಡೀ ಕ್ಷೇತ್ರವೇ ಕುಗ್ಗುತ್ತಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ, ಕಲಿಯಿರಿ. ಶುಲ್ಕ ಕಟ್ಟುವ ಮೊದಲು ನೀವು ಬಯಸುವ ಹುದ್ದೆಯ 20 ಜಾಹೀರಾತುಗಳನ್ನು ಓದಿ, ಆ ಪ್ರಮಾಣಪತ್ರವನ್ನು ಎಷ್ಟು ಕಡೆ ಕೇಳಿದ್ದಾರೆ ಎಂದು ಎಣಿಸಿ. ಎಲ್ಲಿಯೂ ಕೇಳದಿದ್ದರೆ ಹಣ ಕಟ್ಟಬೇಡಿ.