ಐದು ಲೀಟರ್ ಹೋಮ್ ಬ್ರೂಯಿಂಗ್ ಕಿಟ್: ಎರಡೂವರೆ ವರ್ಷ ಶುಂಠಿ ಬಿಯರ್ ಮಾಡಿದ ಮೇಲೆ

ಈ ಕಿಟ್ ತಗೊಂಡು ಎರಡೂವರೆ ವರ್ಷ ಆಯ್ತು. ಪಾರ್ಸೆಲ್ ಬಂದ ವಾರಕ್ಕೇ ಐದು ಸ್ಟಾರ್ ಕೊಟ್ಟು ಬರೆದಿದ್ದ ರಿವ್ಯೂಗಳನ್ನ ಓದಿ ನಾನೂ ತಗೊಂಡಿದ್ದು, ಆದ್ರೆ ಅದ್ರಲ್ಲಿ ಒಂದ್ರಲ್ಲೂ ಬೇಸಿಗೇಲಿ ಏನಾಗತ್ತೆ, ಮಳೆ ಹಿಡ್ಕೊಂಡ್ರೆ ಏನಾಗತ್ತೆ ಅಂತ ಇರ್ಲಿಲ್ಲ. ಅದಕ್ಕೇ ಮೂರು ಮಳೆಗಾಲ ಎರಡು ಬೇಸಿಗೆ ಕಳೆದ ಮೇಲೆ ಬರೀತಿದೀನಿ. ನಾವಿರೋದು ಶಿವಮೊಗ್ಗ ಪೇಟೇಲಿ, ಊರಮನೆ ತೀರ್ಥಹಳ್ಳಿ ಕಡೆ, ಎರಡೂ ಕಡೆ ಇದನ್ನ ಇಟ್ಟು ನೋಡಿದೀನಿ.

ಮೊದ್ಲೇ ಒಂದು ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ಮನೆಗೆ ಬಂದೋರೆಲ್ಲ ಇದನ್ನೇ ಕೇಳೋದು. ಕಿಟ್ ಬಾಕ್ಸ್ ಮೇಲೆ ಬಿಯರ್ ಗ್ಲಾಸಿನ ಚಿತ್ರ ಇದೆ, ಒಳಗೆ ಏಲ್ ಅನ್ನೋ ಥರದ ಬಿಯರಿಗೆ ಹಾಕೋ ಯೀಸ್ಟಿನ ಪ್ಯಾಕೆಟ್ ಕೂಡ ಇತ್ತು. ಆದ್ರೆ ನಮ್ಮಲ್ಲಿ ಲೈಸೆನ್ಸ್ ಇಲ್ದೆ ಮನೇಲಿ ಬಿಯರ್ ಮಾಡೋ ಹಾಗಿಲ್ಲ, ಕರ್ನಾಟಕ ಅಬಕಾರಿ ಕಾಯ್ದೆ 1965 ಇದೆಯಲ್ಲ, ಮಾರೋದಿರಲಿ ನಾವೇ ಕುಡಿಯೋಕೆ ಅಂದ್ರೂ ಅಷ್ಟೇ. ಈ ಹುಚ್ಚು ಹಿಡಿಸಿದ್ದು ನನ್ನ ತಮ್ಮ, ಅವ್ನಿರೋದು ಅಮೆರಿಕದಲ್ಲಿ, ಅಲ್ಲಿ 1978ರಲ್ಲಿ ಆಗಿನ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆ ಆದ್ಮೇಲೆ ಇಬ್ಬರು ದೊಡ್ಡೋರಿರೋ ಮನೇಲಿ ವರ್ಷಕ್ಕೆ 200 ಗ್ಯಾಲನ್ ತನಕ ಮಾಡ್ಕೊಬಹುದು, ಅವ್ನು ಗ್ಯಾರೇಜಲ್ಲಿ ಮಾಡ್ತಾನೆ. ನಾನು ಮಾಡೋದು ಶುಂಠಿ ಬಿಯರ್. ಹೆಸ್ರಲ್ಲಿ ಮಾತ್ರ ಬಿಯರ್, ಕುಡಿದ್ರೆ ಖಾರ ಖಾರ ಗ್ಯಾಸ್ ಇರೋ ಶುಂಠಿ ಸೋಡ. ಅದನ್ನ ಆಲ್ಕೋಹಾಲ್ ಏರದ ಹಾಗೆ ಹೇಗೆ ಹಿಡಿದಿಡೋದು ಅನ್ನೋದೇ ಈ ಎರಡೂವರೆ ವರ್ಷದಲ್ಲಿ ಕಲ್ತಿದ್ದು, ಅದಕ್ಕೆ ಈ ಕಿಟ್ ಎಷ್ಟು ಸಹಾಯ ಮಾಡ್ತು ಎಷ್ಟು ಮಾಡ್ಲಿಲ್ಲ ಅಂತ ಹೇಳ್ತೀನಿ.

ಬಂದಿದ್ದು ಇಷ್ಟು: ಐದು ಲೀಟರಿನ ಗಾಜಿನ ಜಾಡಿ, ಅದರ ಮುಚ್ಚಳಕ್ಕೆ ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಏರ್‌ಲಾಕ್, ಹೈಡ್ರೋಮೀಟರ್, ಜಾಡಿಗೆ ಅಂಟಿಸೋ ಥರ್ಮಾಮೀಟರ್ ಪಟ್ಟಿ, ಒಂದು ಪೈಪು, ತೊಳೆಯೋಕೆ ಬಿಳಿ ಪುಡಿ, ಕ್ಲಿಪ್ ಮುಚ್ಚಳದ ಆರು ಚೌಕ ಬಾಟಲಿ, ಒಂದು ಪುಸ್ತಕ. ಆಗ ಮೂರೂವರೆ ಸಾವಿರ ಕೊಟ್ಟಿದ್ದೆ.

ಪುಸ್ತಕ ಚಳಿ ದೇಶದೋರಿಗೆ ಬರೆದಿದ್ದು. ಎಲ್ಲ ಲೆಕ್ಕವೂ 20 ಡಿಗ್ರಿಗೆ. "ಹೆಪ್ಪು ಏಳು ದಿನ, ಬಾಟಲಿ ನಾಲ್ಕು ದಿನ" ಅಂತ ಕೊಟ್ಟಿದಾರೆ (ಹೆಪ್ಪು ಅಂದ್ರೆ ಸೋಡ ಹುದುಗಿಸೋಕೆ ಹಾಕೋ ಶುಂಠಿ ಸಕ್ಕರೆ ನೀರು, ಮುಂದೆ ಹೇಳ್ತೀನಿ). ಶಿವಮೊಗ್ಗದಲ್ಲಿ ಏಪ್ರಿಲ್ ತಿಂಗಳಲ್ಲಿ ಹೊರಗೆ 36-37 ಡಿಗ್ರಿ ಇರತ್ತೆ, ನಮ್ಮ ಅಡುಗೆಮನೆ ಒಳಗೇ 31-32, ಅಲ್ಲಿ ನಾಲ್ಕು ದಿನ ಬಾಟಲಿ ಮುಚ್ಚಿಟ್ರೆ ಅದು ಬಾಂಬ್. ಇದು ನಂಗೆ ಮೊದಲನೇ ಬೇಸಿಗೇಲಿ ಗೊತ್ತಾಯ್ತು. ರಾತ್ರಿ ಎರಡು ಗಂಟೆ ಇರಬೇಕು, ಅಡುಗೆಮನೇಲಿ ಢಂ ಅಂತ ಸದ್ದು, ಸಿಲಿಂಡರೇ ಸಿಡೀತು ಅನ್ಕೊಂಡು ಎದ್ದು ಓಡಿದ್ವಿ. ಬಾಟಲಿಗಳನ್ನ ಬಾಗಿಲಿರೋ ಕಪಾಟಿನ ಒಳಗೆ ಇಟ್ಟಿದ್ದೆ, ಅಷ್ಟೇ ಪುಣ್ಯ. ಬಾಗಿಲು ತೆಗೆದ್ರೆ ಮೇಲಿನ ಹಲಗೆ ತನಕ ಶುಂಠಿ ನೀರು ಚಿಮ್ಮಿತ್ತು, ಪಕ್ಕದ ಅವಲಕ್ಕಿ ಡಬ್ಬಿಯ ಪ್ಲಾಸ್ಟಿಕ್ಕಿಗೆ ಬೆರಳುದ್ದದ ಗಾಜು ಚುಚ್ಕೊಂಡು ನಿಂತಿತ್ತು. ಆ ಗಾಜು ನೋಡಿ ನನ್ನ ಕೈಕಾಲು ತಣ್ಣಗಾಯ್ತು, ಬೆಳಿಗ್ಗೆ ಮಗ ನೀರು ಕುಡಿಯೋಕೆ ಅಂತ ಬಂದು ನಿಲ್ಲೋ ಜಾಗ ಅದು.

ಚೂರುಗಳನ್ನ ಆಯ್ದು ನೋಡಿದ್ರೆ ಬಾಟಲಿ ಒಡೆದಿದ್ದು ಮೂಲೇಲಿ. ದುಂಡಗಿರೋ ಬಾಟಲಿಗೆ ಒಳಗಿನ ಒತ್ತಡ ಎಲ್ಲ ಕಡೆ ಸಮವಾಗಿ ಬೀಳತ್ತೆ, ಚೌಕ ಬಾಟಲಿಗೆ ಹಾಗಲ್ಲ, ಚಪ್ಪಟೆ ಬದಿ ಹೊರಗೆ ಉಬ್ಬೋಕೆ ನೋಡತ್ತೆ, ಆ ಎಳೆತವೆಲ್ಲ ಮೂಲೇಲಿ ಸೇರತ್ತೆ. ಅದು ಜ್ಯೂಸೋ ಎಣ್ಣೇನೋ ಹಾಕಿ ಟೇಬಲ್ ಮೇಲೆ ಇಡೋ ಬಾಟಲಿ, ಗ್ಯಾಸ್ ತಡೆಯೋದಲ್ಲ. ಮಾರಿದೋರಿಗೆ ಫೋಟೋ ಸಮೇತ ಬರೆದೆ, ಎರಡು ವಾರ ಆದ್ಮೇಲೆ "ಬಾಟಲಿ ಅಲಂಕಾರಕ್ಕೆ ಕೊಟ್ಟಿದ್ದು" ಅಂತ ಉತ್ತರ ಬಂತು. ಬ್ರೂಯಿಂಗ್ ಕಿಟ್ ಅಂತ ಹೆಸರಿಟ್ಟು ಅಲಂಕಾರದ ಬಾಟಲಿ ಹಾಕೋದು ತಪ್ಪು, ಅಪಾಯ, ಇದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ಈ ಥರದ ಯಾವ ಕಿಟ್ ತಗೊಂಡ್ರೂ ಬಾಟಲಿ ಚೌಕ ಇದ್ರೆ ಅವುಗಳನ್ನ ಕಾಳು ತುಂಬಿಡೋಕೆ ಇಟ್ಕೊಳಿ, ಸೋಡ ತುಂಬಬೇಡಿ. ನಾನೀಗ ದಪ್ಪ ಗಾಜಿನ ದುಂಡು ಬಾಟಲಿ ಬೇರೆ ತರಿಸ್ಕೊಂಡಿದೀನಿ, ಅದ್ರ ಜೊತೆ ಪ್ರತಿ ಸಲ ಒಂದು ಖಾಲಿ ಪ್ಲಾಸ್ಟಿಕ್ ಸೋಡ ಬಾಟಲೀಲೂ ತುಂಬ್ತೀನಿ. ಅದೇ ನಂಗೆ ಮೀಟರ್. ಗಾಜಿನ ಬಾಟಲಿ ಮುಟ್ಟಿ ನೋಡಿದ್ರೆ ಏನೂ ಗೊತ್ತಾಗಲ್ಲ, ಪ್ಲಾಸ್ಟಿಕ್ ಬಾಟಲಿ ಅದುಮಿ ನೋಡಿದ್ರೆ ಗೊತ್ತಾಗತ್ತೆ, ಅಂಗಡಿಯಿಂದ ತಂದ ಹೊಸ ಸೋಡ ಬಾಟಲಿ ಥರ ಗಟ್ಟಿ ಆಯ್ತು ಅಂದ್ರೆ ಆ ಕ್ಷಣವೇ ಎಲ್ಲ ಫ್ರಿಜ್ಜಿಗೆ.

ಇನ್ನು ಹೈಡ್ರೋಮೀಟರ್. ಮೂರೂವರೆ ಸಾವಿರದಲ್ಲಿ ನಿಜವಾಗ್ಲೂ ಬೆಲೆ ಬಾಳೋದು ಇದೊಂದೇ ಅಂತ ನನ್ನ ಅಭಿಪ್ರಾಯ. ಡೈರೀಲಿ ಹಾಲಿಗೆ ಇಳಿಸಿ ನೋಡ್ತಾರಲ್ಲ ಲ್ಯಾಕ್ಟೋಮೀಟರ್, ಅದೇ ಜಾತಿ. ಬರೀ ನೀರಲ್ಲಿ 1.000 ತೋರಿಸತ್ತೆ, ಸಕ್ಕರೆ ಕರಗಿದಷ್ಟೂ ಮೇಲೆ ತೇಲತ್ತೆ, ಲೀಟರಿಗೆ 100 ಗ್ರಾಂ ಸಕ್ಕರೆ ಹಾಕಿದ್ರೆ 1.038 ಆಸುಪಾಸು. ಯೀಸ್ಟ್ ಸಕ್ಕರೆ ತಿಂತಾ ಹೋದ ಹಾಗೆ ಇಳಿಯತ್ತೆ. ಎಷ್ಟು ಇಳೀತೋ ಅದನ್ನ 131ರಿಂದ ಗುಣಿಸಿದ್ರೆ ಸುಮಾರಾಗಿ ಆಲ್ಕೋಹಾಲ್ ಶೇಕಡಾ ಸಿಗತ್ತೆ. ಅಂದ್ರೆ 1.038 ಇದ್ದಿದ್ದು 1.034ಕ್ಕೆ ಬಂದ್ರೆ ಶೇ. 0.5. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಶೇ. 0.5 ದಾಟಿದ್ದನ್ನೇ ಆಲ್ಕೋಹಾಲ್ ಪಾನೀಯ ಅನ್ನೋದು, ಹಾಗಾಗಿ 0.004ರ ಆ ಇಳಿಕೆ, ಅಂದ್ರೆ ನಾಲ್ಕು ಪಾಯಿಂಟೇ ನನ್ನ ಗಡಿ, ಅದಕ್ಕಿಂತ ಒಳಗೇ ನಿಲ್ಲಿಸ್ತೀನಿ.

ಆದ್ರೆ ಪುಸ್ತಕದಲ್ಲಿ ಸಣ್ಣಕ್ಷರದಲ್ಲಿರೋ ಒಂದು ಮಾತು ತಪ್ಪಿಸ್ಕೋಬೇಡಿ, ಈ ಮೀಟರ್ 20 ಡಿಗ್ರಿಗೆ ಹೊಂದಿಸಿರೋದು. ನೀರು 30 ಡಿಗ್ರಿ ಇದ್ರೆ ಎರಡು ಮೂರು ಪಾಯಿಂಟ್ ಕಡಿಮೆ ತೋರಿಸತ್ತೆ, ನಾವು ಲೆಕ್ಕ ಹಾಕ್ತಿರೋದೇ ನಾಲ್ಕು ಪಾಯಿಂಟು, ಅದ್ರಲ್ಲಿ ಎರಡು ಮೂರು ತಪ್ಪಿದ್ರೆ ಲೆಕ್ಕವೇ ಇಲ್ಲ. ಮೊದ್ಮೊದ್ಲು ಬಿಸಿ ಇದ್ದಾಗ ಒಂದು ಸಲ, ಫ್ರಿಜ್ಜಿಂದ ತೆಗೆದು ಒಂದು ಸಲ ಅಳೆದು ಆಮೇಲೆ ಇಳಿಯೋ ಬದಲು ಏರಿದೆಯಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೆ. ಈಗ ಎರಡು ಸಲವೂ ಲೋಟ ತಣ್ಣೀರಲ್ಲಿಟ್ಟು ಒಂದೇ ಬಿಸಿಗೆ ತಂದು ಅಳೀತೀನಿ, ಗ್ಯಾಸ್ ಇದ್ರೆ ಗುಳ್ಳೆ ಮೀಟರಿಗೆ ಅಂಟ್ಕೊಂಡು ಎತ್ತತ್ತೆ, ಅದಕ್ಕೆ ಚೆನ್ನಾಗಿ ಕಲಕಿ ಗ್ಯಾಸ್ ಬಿಡಿಸಿ ಆಮೇಲೆ. ಮೊದಲನೇ ಮೀಟರ್ ಸಿಂಕಲ್ಲಿ ಬಿದ್ದು ಒಡೀತು, ಎರಡನೇದು ತಗೊಂಡು ಒಂದು ವರ್ಷ ಆಯ್ತು.

ಜಾಡಿ ಮತ್ತೆ ಏರ್‌ಲಾಕ್ ನೋಡೋಕೆ ಚೆಂದ, ಗುಳುಗುಳು ಅಂತಿರತ್ತೆ, ಮಕ್ಳು ಮುಂದೆ ಕೂತು ನೋಡ್ತಾರೆ. ಬಿಯರಿಗೆ ಅದಿಲ್ದೆ ಆಗಲ್ಲ, ತಮ್ಮ ಹೇಳೋ ಪ್ರಕಾರ ಅಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮತ್ತೆ ಹಾಪ್ಸ್ (ಕಹಿ ಕೊಡೋ ಒಂದು ಹೂವು) ಒಂದು ಗಂಟೆ ಕುದಿಸಿ ತಣ್ಣಗೆ ಮಾಡಿ ಯೀಸ್ಟ್ ಹಾಕಿ ಎರಡು ವಾರ ಬಿಟ್ಟು, ಮೀಟರ್ ಎರಡು ಮೂರು ದಿನ ಒಂದೇ ಕಡೆ ನಿಂತ ಮೇಲೆ ಬಾಟಲಿಗೆ. ಆದ್ರೆ ನನ್ನ ಶುಂಠಿ ಸೋಡಕ್ಕೆ ಏರ್‌ಲಾಕ್ ಉಲ್ಟಾ ಕೆಲ್ಸ ಮಾಡತ್ತೆ. ಸಕ್ಕರೆ ಹುದುಗಿದಾಗ ಹೆಚ್ಚುಕಡಿಮೆ ಅರ್ಧ ಗ್ಯಾಸು ಅರ್ಧ ಆಲ್ಕೋಹಾಲು. ಜಾಡೀಲಿ ಬಿಟ್ರೆ ಗ್ಯಾಸು ಏರ್‌ಲಾಕಿಂದ ಹೊರಗೆ ಹೋಗತ್ತೆ, ಆಲ್ಕೋಹಾಲು ಒಳಗೇ ಉಳಿಯತ್ತೆ. ಆಮೇಲೆ ಬಾಟಲೀಲಿ ಗ್ಯಾಸಿಗೋಸ್ಕರ ಮತ್ತೆ ಹುದುಗಿಸಬೇಕು, ಇನ್ನಷ್ಟು ಆಲ್ಕೋಹಾಲು. ಪುಸ್ತಕದಲ್ಲಿ ಶುಂಠಿ ಬಿಯರಿಗೂ ಮೂರು ದಿನ ಜಾಡಿ ಅಂತ ಇದೆ, ನಾನು ಅದನ್ನ ಬಿಟ್ಟೇ ಬಿಟ್ಟೆ. ಆರಿದ ಶುಂಠಿ ನೀರಿಗೆ ಹೆಪ್ಪು ಬೆರೆಸಿ ನೇರ ಬಾಟಲಿಗೆ. ಲೀಟರಿಗೆ ಎಂಟು ಗ್ರಾಂ ಸಕ್ಕರೆ ಬಾಟಲಿ ಒಳಗೇ ಹುದುಗಿದ್ರೆ ಹೆಚ್ಚುಕಡಿಮೆ ಬಿಯರಲ್ಲಿ ಇರೋವಷ್ಟು ಗ್ಯಾಸ್ ಬರತ್ತೆ, ಅದೂ ನನ್ನ ನಾಲ್ಕು ಪಾಯಿಂಟೂ ಸರಿಸುಮಾರು ಒಂದೇ. ಇದು ಲೆಕ್ಕ ಹಾಕಿ ಗೊತ್ತಾದ ದಿನ ತಮ್ಮನಿಗೆ ರಾತ್ರೀನೇ ಫೋನ್ ಮಾಡಿ ಹೇಳಿದ್ದೆ, ಅಷ್ಟು ಖುಷಿ ಆಗಿತ್ತು. ಜಾಡಿ ಏರ್‌ಲಾಕ್ ಎರಡೂ ಈಗ ಸೂಜಿಮೆಣಸು ಉಪ್ಪುನೀರಲ್ಲಿ ಹುಳಿ ಬರಿಸೋಕೆ, ಆ ಕೆಲ್ಸಕ್ಕೆ ತುಂಬಾ ಒಳ್ಳೇದು, ಬೂಸ್ಟು ಬರಲ್ಲ.

ಹೆಪ್ಪು ಅಂದ್ನಲ್ಲ, ಇಂಗ್ಲಿಷಲ್ಲಿ ಜಿಂಜರ್ ಬಗ್ ಅಂತಾರೆ, ಮೊಸರಿಗೆ ಹೆಪ್ಪಿದ್ದ ಹಾಗೆ ಸೋಡಕ್ಕೆ ಇದು. ಎರಡು ಲೋಟ ನೀರಿಗೆ ದಿನಾ ಒಂದು ಚಮಚ ತುರಿದ ಶುಂಠಿ, ಒಂದು ಚಮಚ ಸಕ್ಕರೆ. ಯೀಸ್ಟ್ ಶುಂಠಿ ಸಿಪ್ಪೇಲೇ ಇರತ್ತೆ, ಹಾಗಾಗಿ ಸಿಪ್ಪೆ ಹೆರೆಯಬಾರದು, ಮಣ್ಣು ಹೋಗೋವಷ್ಟು ತೊಳೆದ್ರೆ ಸಾಕು. ನಮ್ಮಲ್ಲಿ ಶುಂಠಿಗೆ ಬರ ಇಲ್ಲ, ಸೊರಬ ಶಿಕಾರಿಪುರ ಸಾಗರ ಎಲ್ಲ ಕಡೆ ಬೆಳೀತಾರೆ. ರಿಗೋಡಿ, ಹಿಮಾಚಲ ಅಂತ ಎರಡು ತಳಿ ಸಿಗತ್ತೆ, ನಾನು ಎರಡೂ ಬೆರೆಸ್ತೀನಿ. ನಲ್ಲಿ ನೀರಾದ್ರೆ ಕುದಿಸಿ ಆರಿಸಿ ಹಾಕಿ, ಕ್ಲೋರಿನ್ ವಾಸ್ನೆ ಇರೋ ನೀರಲ್ಲಿ ಹೆಪ್ಪು ಏಳಲ್ಲ. ಜೋನಿ ಬೆಲ್ಲ ಹಾಕಿದ್ರೆ ಸಕ್ಕರೆಗಿಂತ ಬೇಗ ನೊರೆ ಬರತ್ತೆ, ಬಣ್ಣಾನೂ ಕಾಫಿ ಡಿಕಾಕ್ಷನ್ ಥರ ಆಗತ್ತೆ, ರುಚಿ ಬೇರೇನೇ.

ಮಳೆಗಾಲದ್ದು ಬೇರೆ ಕಥೆ. ಜುಲೈಲಿ ಊರಮನೆಗೆ ಹೋದಾಗ ಹೆಪ್ಪಿನ ಜಾಡಿ ತಗೊಂಡು ಹೋಗಿದ್ದೆ, ಐದು ದಿನ ಆದ್ರೂ ಒಂದು ಗುಳ್ಳೆ ಇಲ್ಲ, ಪಟ್ಟೀಲಿ 21 ತೋರಿಸ್ತಿತ್ತು. ಚೆಲ್ಲೋಕೆ ಹೊರಟಿದ್ದೆ. ಅತ್ತೆ ನೋಡಿ "ಏ ಮಾರಾಯ್ತಿ, ಮಳೆಗಾಲದಲ್ಲಿ ಮೊಸರೇ ಹೆಪ್ಪಾಗಲ್ಲ, ಇದೆಲ್ಲಿ ಆಗತ್ತೆ, ಕೊಡು ಇಲ್ಲಿ" ಅಂತ ಜಾಡಿ ಕಸಿದ್ಕೊಂಡು ಹಳೇ ಪಂಚೆ ಸುತ್ತಿ ಬಚ್ಚಲ ಒಲೆ ಪಕ್ಕದ ಗೂಡಲ್ಲಿ ಇಟ್ರು, ಬೆಂಕಿಗೆ ಹತ್ರ ಅಲ್ಲ, ಒಲೆಯ ಬಿಸಿ ಗೋಡೆಗೆ ತಾಗೋ ಜಾಗ. ಮಾರನೇ ದಿನ ಬೆಳಿಗ್ಗೆ ಪಟ್ಟೀಲಿ 27, ಪಂಚೆ ಬಿಚ್ಚಿದ್ರೆ ಶುಂಠಿ ತುರಿ ಎಲ್ಲ ಮೇಲೆದ್ದು ನೊರೆ ಜಾಡಿ ಕುತ್ತಿಗೆ ತನಕ ಬಂದಿತ್ತು. ಅತ್ತೆಗೆ ಅದೇನೂ ದೊಡ್ಡ ವಿಷ್ಯ ಆಗಿರ್ಲಿಲ್ಲ, ಅಷ್ಟು ಹೊತ್ತಿಗೆ ಅವರು ದೋಸೆ ಹುಯ್ತಾ ಇದ್ರು. ಆ ಕಿಟ್ ಪುಸ್ತಕ ನಾನು ಆಮೇಲೆ ತೆಗೆದು ನೋಡಿದ್ದು ಕಡಿಮೆ. ಈಗ ನನ್ನ ಲೆಕ್ಕ ಕ್ಯಾಲೆಂಡರ್ ಮೇಲೆ ಪೆನ್ಸಿಲಲ್ಲಿ ಇದೆ: ಏಪ್ರಿಲ್ ಮೇನಲ್ಲಿ ಬಾಟಲಿ 18ರಿಂದ 24 ಗಂಟೆ, ಮಳೆಗಾಲದಲ್ಲಿ ಮೂರು ದಿನ, ಡಿಸೆಂಬರ್ ಜನವರೀಲಿ ನಾಲ್ಕೈದು ದಿನ. ಇದೂ ನಮ್ಮನೆ ಅಡುಗೆಮನೆ ಲೆಕ್ಕ, ನಿಮ್ಮನೇಲಿ ಪ್ಲಾಸ್ಟಿಕ್ ಬಾಟಲಿ ಅದುಮಿ ನೋಡ್ದೆ ನಂಬಬೇಡಿ. ಫ್ರಿಜ್ಜಲ್ಲಿಟ್ರೂ ಹುದುಗೋದು ಪೂರ್ತಿ ನಿಲ್ಲಲ್ಲ, ಬರೀ ನಿಧಾನ ಆಗತ್ತೆ, ಒಂದು ವಾರದಲ್ಲಿ ಕುಡಿದು ಮುಗಿಸಿ. ಎರಡು ದಿನ ಕರೆಂಟ್ ಇಲ್ದಿದ್ರೆ ಮುಚ್ಚಳ ತೆಗೆದು ಗ್ಯಾಸ್ ಬಿಟ್ಟುಬಿಡಿ.

ತೊಳೆಯೋ ಪುಡಿ ನಾಲ್ಕು ತಿಂಗಳಿಗೆ ಖಾಲಿ ಆಯ್ತು, ಕುದಿಯೋ ನೀರೇ ಸಾಕಾಗತ್ತೆ, ಆದ್ರೆ ತಣ್ಣಗಿರೋ ಗಾಜಿಗೆ ಏಕ್ದಂ ಹುಯ್ಯಬೇಡಿ, ಮೊದ್ಲು ಬೆಚ್ಚಗಿನ ನೀರು. ಪೈಪು ಒಳಗೆ ಒಣಗಿಸೋಕೆ ಆಗ್ದೆ ಕಪ್ಪಾಯ್ತು, ಬಿಸಾಕಿದೆ, ಅಡುಗೆಮನೆ ಲಾಳಿಕೆ ಅದಕ್ಕಿಂತ ವಾಸಿ. ಯೀಸ್ಟ್ ಪ್ಯಾಕೆಟ್ ಒಡೀದೇ ಡೇಟ್ ಮುಗೀತು.

ಮತ್ತೆ ತಗೋತೀಯಾ ಅಂದ್ರೆ ಇಡೀ ಕಿಟ್ ತಗೊಳಲ್ಲ. ಹೈಡ್ರೋಮೀಟರ್, ಥರ್ಮಾಮೀಟರ್ ಪಟ್ಟಿ, ದುಂಡು ಬಾಟಲಿ ಬಿಡಿ ಬಿಡಿಯಾಗಿ ತಗೊಂಡ್ರೆ ಅರ್ಧ ದುಡ್ಡಲ್ಲಿ ಆಗತ್ತೆ, ಉಳಿದದ್ದು ಮನೇಲೇ ಇದೆ. ಐದಕ್ಕೆ ಮೂರು ಸ್ಟಾರ್ ಕೊಡ್ತಿದ್ದೆ, ಆ ಬಾಟಲಿಗೋಸ್ಕರ ಒಂದು ಕಳೆದು ಎರಡು. ಬಾಟಲಿ ತರಿಸೋವಾಗ ಮುಚ್ಚಳದ ರಬ್ಬರ್ ವಾಷರ್ ಇನ್ನೊಂದು ಸೆಟ್ ಜೊತೇಲೇ ತರಿಸಿ, ವರ್ಷಕ್ಕೆ ಬಿರುಕು ಬಿಡತ್ತೆ, ಗ್ಯಾಸ್ ನಿಲ್ಲಲ್ಲ, ಆ ಸೈಜು ಇಲ್ಲಿ ಹಾರ್ಡ್‌ವೇರ್ ಅಂಗಡೀಲಿ ನಂಗೆ ಸಿಗ್ಲಿಲ್ಲ. ಹೊಸ ಶುಂಠಿ ಬರೋಕೆ ಶುರುವಾಗಿದೆ, ನಿನ್ನೆ ತಾನೇ ಹೆಪ್ಪಿಗೆ ಇಟ್ಟಿದೀನಿ, ಚಳಿ ಇದೆ, ಈ ವಾರ ಏಳೋದು ಕಷ್ಟ.