ಎರಡಡಿ ಪಾತಿಗೆ ಗಿಡ ತರುವ ಮುಂಚೆ ನನ್ನ ಪಾಡು ಕೇಳಿ

ಕಾಂಪೌಂಡ್ ಗೋಡೆಗೂ ಓಡಾಡುವ ದಾರಿಗೂ ನಡುವೆ ನಮಗಿರುವುದು ಎರಡಡಿ ಅಗಲದ ಪಾತಿ. ನರ್ಸರಿಯಲ್ಲಿ ಹೂ ನೋಡಿ ಮರುಳಾಗಿ ಗಿಡ ತಂದೆ. ಮೂರು ವರ್ಷದಲ್ಲಿ ಮುಕ್ಕಾಲು ಪಾಲನ್ನು ನಾನೇ ಕಿತ್ತು ಹಾಕಿದ್ದೇನೆ.

ಮೊದಲು ತಂದಿದ್ದು ಕಾಗದದ ಹೂ, ಅಂದ್ರೆ ಬೋಗನ್‌ವಿಲ್ಲಾ. ಆಗ ಮೊಣಕಾಲೆತ್ತರ ಇತ್ತು. "ಬಳ್ಳಿ ಸರ್, ತಾನೇ ಗೋಡೆ ಹತ್ತುತ್ತೆ" ಅಂದರು ಮಾರಿದವರು. ಎಲ್ಲಿ ಹತ್ತೀತು? ಅದಕ್ಕೆ ಸುತ್ತಿಕೊಳ್ಳುವ ಕುಡಿಯೂ ಇಲ್ಲ, ಅಂಟಿಕೊಳ್ಳುವ ಬೇರೂ ಇಲ್ಲ. ಮುಳ್ಳು ಸಿಕ್ಕಿಸಿ ಒರಗುತ್ತದೆ, ಅಷ್ಟೇ. ಕಟ್ಟದೆ ಬಿಟ್ಟೆ, ಬೆಳಕು ಹುಡುಕಿಕೊಂಡು ಸೀದಾ ದಾರಿಗೆ ಚಾಚಿತು. ಒಂದು ದಿನ ಮಗಳ ಕೆನ್ನೆ ಗೀರಿತು ನೋಡಿ, ಅವತ್ತೇ ಗುದ್ದಲಿ ತಗೊಂಡೆ.

ಗೋಡೆಗೆ ಹಬ್ಬಿಸಲು ತಂದ ಕ್ರೀಪಿಂಗ್ ಫಿಗ್ ಇನ್ನೂ ಮೋಸದ್ದು. ಆಲ, ಅತ್ತಿಯ ಕುಲದ ಬಳ್ಳಿ ಅಂದಾಗಲೇ ನನಗೆ ಹೊಳೆಯಬೇಕಿತ್ತು, ಅಲ್ವಾ? ಮೊದಲ ವರ್ಷ ಸುಮ್ನೆ ಕೂತಿತ್ತು. ಪುಟ್ಟ ಎಲೆ, ಗೋಡೆಗೆ ಬಣ್ಣ ಬಳಿದ ಹಾಗೆ ಚೆಂದ. ಆಮೇಲೆ ಓಡತೊಡಗಿತು. ಬಲಿತ ಮೇಲೆ ಎಲೆ ದೊಡ್ಡದಾಗಿ, ಬೆರಳು ದಪ್ಪದ ಕೊಂಬೆಗಳು ಗೋಡೆ ಬಿಟ್ಟು ಮುಂದಕ್ಕೆ ಬಂದವು. ಎಳೆದರೆ ಪೇಂಟಿನ ಜೊತೆ ಗಾರೆಯ ಚಕ್ಕೆಯೂ ಕೈಗೆ ಬಂತು. ಬೇರು ಅಂಟಿದ್ದ ಕಂದು ಗೆರೆಗಳು ಬ್ರಷ್‌ನಿಂದ ಉಜ್ಜಿದರೂ ಹೋಗಿಲ್ಲ.

ಕೇಪಳದ ವಿಷಯದಲ್ಲಿ ಮಾತ್ರ ತಪ್ಪು ಗಿಡದ್ದಲ್ಲ. ಎಲೆ ಹಳದಿ ತಿರುಗಿ ನರ ಮಾತ್ರ ಹಸಿರಾಗಿ ಉಳಿಯಿತು. ನೀರು ಜಾಸ್ತಿ ಹಾಕಿದೆ, ಗೊಬ್ಬರ ಹಾಕಿದೆ. ಕೊನೆಗೆ ಅಗೆದು ನೋಡಿದರೆ ಒಂದು ಗೇಣು ಮಣ್ಣಿನ ಕೆಳಗೆ ಗೋಡೆ ಕಟ್ಟಿದಾಗ ಉಳಿದ ಸಿಮೆಂಟಿನ ಹೆಂಟೆ, ಇಟ್ಟಿಗೆ ಚೂರು. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟು, ಸುಣ್ಣ ಸೇರಿದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಅದರ ಬೇರಿಗೆ ಎಟುಕುವುದಿಲ್ಲ. ಇನ್ನೊಂದು, ಜೋರು ಮಳೆ ಬಂದ ಮರುದಿನ ಗೋಡೆ ಬುಡಕ್ಕೆ ಬೆರಳು ಚುಚ್ಚಿದರೆ ಒಣ ಧೂಳು! ಗೋಡೆ ಮಳೆಗೆ ಅಡ್ಡ ನಿಲ್ಲುತ್ತದೆ ಅಂತ ಅವತ್ತಿನವರೆಗೂ ಹೊಳೆದಿರಲಿಲ್ಲ.

ಈಗ ನರ್ಸರಿಗೆ ಹೋದರೆ ಹೂವಿನ ಬಣ್ಣ ಆಮೇಲೆ. ಬಲಿತಾಗ ಎಷ್ಟು ಅಗಲ, ಹೇಗೆ ಹತ್ತುತ್ತದೆ, ಬುಡದಿಂದ ಮರಿ ಹಾಕುತ್ತದಾ, ಇವನ್ನು ಕೇಳುತ್ತೇನೆ. ಮರಿ ಹಾಕುತ್ತದೆ ಅಂತ ಗೊತ್ತಾದ ಮೇಲೆ ರಂಗೂನ್ ಕ್ರೀಪರ್ ಅಲ್ಲೇ ಬಿಟ್ಟು ಬಂದೆ. ಗೋಡೆಯಿಂದ ಎರಡು ಇಂಚು ಬಿಟ್ಟು ತಂತಿ ಎಳೆದು ಶಂಖಪುಷ್ಪ ಹಬ್ಬಿಸಿದ್ದೇನೆ. ತೆಳ್ಳಗೆ ಸುತ್ತಿಕೊಂಡು ಹೋಗುತ್ತದೆ. ಬೀಜ ಹಾಕಿದ್ದು ಗೋಡೆಯಿಂದ ಒಂದಡಿ ಆಚೆ.

ಕ್ರೀಪಿಂಗ್ ಫಿಗ್ ಮಾತ್ರ ಪೂರ್ತಿ ತೊಲಗಿಲ್ಲ. ಮೊನ್ನೆ ಗೋಡೆಯ ಬಿರುಕಿನಲ್ಲಿ ಉಗುರಿನಷ್ಟು ಎಲೆ ಮತ್ತೆ ಇಣುಕುತ್ತಿತ್ತು.