ದಾವಣಗೆರೆಯ ಭಾನುವಾರದ ಎಂಜಿನ್ ಕ್ಲಾಸ್: ಪೈಲಟ್ ಆಗುವವರು ಹೋಗಬಹುದಾ?

ದಾವಣಗೆರೆಯಲ್ಲಿ ಏರ್‌ಪೋರ್ಟೇ ಇಲ್ಲ, ಇನ್ನು ಪೈಲಟ್ ಕ್ಲಾಸ್ ಏನು ಅಂತ ಮನೆಯಲ್ಲಿ ನಕ್ಕರು. ವಿಮಾನ ಹಾರಿಸಲು ಬೆಂಗಳೂರಿನ ಜಕ್ಕೂರಿಗೋ ಇನ್ನೆಲ್ಲಿಗೋ ಹೋಗಲೇಬೇಕು, ನಿಜ. ಪಿ.ಜೆ. ಬಡಾವಣೆಯ ಮಹಡಿ ಮೇಲಿನ ಈ ಬ್ಯಾಚ್‌ನಲ್ಲಿ ಹೇಳಿಕೊಡುವುದು ಸಣ್ಣ ವಿಮಾನದ ಪಿಸ್ಟನ್ ಎಂಜಿನ್ ಒಂದನ್ನೇ. ಅದನ್ನು ಮಾತ್ರ ಬಹಳ ಚೆನ್ನಾಗಿ ಹೇಳಿಕೊಡುತ್ತಾರೆ.

ಸರ್ ಮೊದಲು ಮೆಕ್ಯಾನಿಕ್ ಆಗಿದ್ದವರು. ಪಾಠ ಬೋರ್ಡಿಗಿಂತ ಟೇಬಲ್ ಮೇಲೇ ಜಾಸ್ತಿ. ಹಳೇ ಸ್ಪಾರ್ಕ್ ಪ್ಲಗ್ ಒಂದನ್ನು ಕೈಗೆ ಕೊಟ್ಟರು. ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬೂದು ಮಣಿಗಳು, ಉಗುರಲ್ಲಿ ಕೆರೆದರೂ ಬರಲಿಲ್ಲ. ಸೀಸ ಅದು. 100ಎಲ್‌ಎಲ್ ಅನ್ನುವ ನೀಲಿ ಬಣ್ಣದ ವಿಮಾನದ ಪೆಟ್ರೋಲ್‌ನಲ್ಲಿ ಇವತ್ತಿಗೂ ಸೀಸ ಇದೆ, ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ಪೂರ್ತಿ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ ಇಟ್ಟು ಸುಮ್ನೆ ಐಡಲ್‌ನಲ್ಲಿ ಕೂತರೆ ಅದು ಪ್ಲಗ್‌ಗೆ ಅಂಟುತ್ತದೆ, ಆಮೇಲೆ ರನ್‌ಅಪ್‌ನಲ್ಲಿ (ಹಾರುವ ಮುಂಚಿನ ಎಂಜಿನ್ ಪರೀಕ್ಷೆ) ಪ್ಲಗ್‌ಗೆ ಕರೆಂಟ್ ಕೊಡುವ ಮ್ಯಾಗ್ನೆಟೋ ಚೆಕ್ ಮಾಡುವಾಗ ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ ಜಾಸ್ತಿ ಬಿದ್ದು ಎಂಜಿನ್ ನಡುಗುತ್ತದೆ. ಹಾಗಾಗಿ ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಓಡಿಸುವಾಗ, ಪೆಟ್ರೋಲ್ ಕಡಿಮೆ ಮಾಡಿ ಮಿಕ್ಸ್ಚರ್ ಲೀನ್ ಮಾಡಿ, ಟೇಕಾಫ್‌ಗೆ ಮುಂಚೆ ಮರೆಯದೆ ಸರಿಮಾಡಿ ಅನ್ನುತ್ತಾರೆ. ಅಲ್ಲೂ ಯಾವಾಗಲೂ ಪೂರ್ತಿ ರಿಚ್ ಅಂತಲ್ಲ. ನಮ್ಮೂರು ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಮುಟ್ಟಿದರೆ ಎಂಜಿನ್ ಪಾಲಿಗೆ ಗಾಳಿ 5000 ಅಡಿ ಮೇಲಿರುವಷ್ಟು ತೆಳು! ಲೆಕ್ಕ ಬಿಡಿಸಿ ತೋರಿಸಿದರು. ಅಂಥ ಕಡೆ ಆಯಾ ವಿಮಾನದ ಹ್ಯಾಂಡ್‌ಬುಕ್ ಹೇಳಿದ ಹಾಗೆ ಹೊಂದಿಸಿಕೊಳ್ಳಬೇಕು.

ಚಳ್ಳಕೆರೆ ಹುಡುಗನೊಬ್ಬ "ಈ ಬಿಸಿಲಲ್ಲಿ ಕಾರ್ಬುರೇಟರ್‌ನಲ್ಲಿ ಐಸ್ ಹೆಂಗೆ ಕಟ್ಟುತ್ತೆ ಸರ್?" ಅಂದ. ನನಗೂ ಅದೇ ಅನುಮಾನ ಇತ್ತು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗವೇ ಕಾರ್ಬುರೇಟರ್, ಅಲ್ಲಿ ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ ತಣ್ಣಗಾಗುತ್ತದೆ, ಹೊರಗೆ 25 ಡಿಗ್ರಿ ಇದ್ದರೂ ತೇವ ಇದ್ದರೆ ಐಸ್ ಕಟ್ಟಬಹುದು. ಆರ್‌ಪಿಎಂ ಮೆಲ್ಲಗೆ ಇಳಿಯುತ್ತದೆ. ಕಾರ್ಬುರೇಟರ್‌ಗೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಎಳೆದಾಗ ಎಂಜಿನ್ ಮೊದಲು ಕೆಮ್ಮುತ್ತದೆ, ಕರಗಿದ ನೀರು ಒಳಗೆ ಹೋಗುತ್ತಲ್ವಾ, ಆಗ ಹೆದರಿ ವಾಪಸ್ ತಳ್ಳಬಾರದು. ಈ ಒಂದು ಮಾತಿಗೇ ಫೀಸ್ ವಸೂಲಾಯಿತು.

ಆಯಿಲ್ ಬಗ್ಗೆಯೂ ಹೇಳುತ್ತಾರೆ: ಆಯಿಲ್ ಫಿಲ್ಟರ್ ಇರುವ ಲೈಕಮಿಂಗ್ ಕಂಪನಿಯ ಎಂಜಿನ್‌ಗೆ 50 ಗಂಟೆ ಅಥವಾ 4 ತಿಂಗಳು, ಯಾವುದು ಮೊದಲೋ ಅದಕ್ಕೆ ಆಯಿಲ್ ಬದಲಿಸಬೇಕು. ಹಾರಿಸದೆ ವಾರಕ್ಕೊಮ್ಮೆ ನಿಂತಲ್ಲೇ ಸ್ಟಾರ್ಟ್ ಮಾಡಿಡುವುದರಿಂದ ಕೆಡುಕೇ ಜಾಸ್ತಿ, ಆಯಿಲ್‌ನಲ್ಲಿರುವ ನೀರು ಆರುವಷ್ಟು ಬಿಸಿ ಅದಕ್ಕೆ ಬರುವುದಿಲ್ಲ. ಹೀಗೆ ತುಕ್ಕು ಹಿಡಿದ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ಕಂಬಿ) ಕೂಡ ಟೇಬಲ್ ಮೇಲಿದೆ, ಕೇಳಿ ನೋಡಿ.

ಇನ್ನು ಕೊರತೆ. ಪೈಲಟ್ ಲೈಸೆನ್ಸ್ ಕೊಡುವ ಡಿಜಿಸಿಎ ಪರೀಕ್ಷೆಯ ಪ್ರಶ್ನೆ ಅಭ್ಯಾಸ ಇಲ್ಲವೇ ಇಲ್ಲ ಅನ್ನಬಹುದು, ಟೆಕ್ನಿಕಲ್ ಪೇಪರ್ ಪಾಸಾಗಲು ಬೇರೆ ಕಡೆ ಓದಿಕೊಳ್ಳಬೇಕು. ಎತ್ತರದಿಂದ ಪವರ್ ಪೂರ್ತಿ ತೆಗೆದು ಇಳಿದರೆ ಸಿಲಿಂಡರ್ ಬಿರುಕು ಬಿಡುತ್ತದೆ ಅನ್ನುವುದರ ಬಗ್ಗೆ ಪೈಲಟ್‌ಗಳಲ್ಲೇ ಎರಡು ಗುಂಪಿದೆ, ಇಲ್ಲಿ ಒಂದು ಗುಂಪಿನ ಮಾತನ್ನೇ ಹೇಳುತ್ತಾರೆ. ಜೆರಾಕ್ಸ್ ನೋಟ್ಸ್ ಅರ್ಧ ಅಕ್ಷರ ಕಾಣುವುದಿಲ್ಲ. ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ಮದುವೆ ಸೀಸನ್‌ನಲ್ಲಿ ಕ್ಲಾಸ್ ಮುಂದಕ್ಕೆ ಹೋಗುತ್ತಿರುತ್ತದೆ, ಚಿತ್ರದುರ್ಗ ಕಡೆಯಿಂದ ಬರುವವರು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಂಡು ಬನ್ನಿ.